ಅರ್ಧಕ್ಕೆ ನಿಂತ ಪ್ಲೇಟು

ನಮ್ಮೂರು ಟಲ್ಲಿ ಬೆಂಡ್‌ನ ರೇಡಿಯೋ ಸ್ಟೇಷನ್ ಎಂದರೆ ಹತ್ತಿ ಹೊಲದ ಅಂಚಿನಲ್ಲಿದ್ದ ಎರಡು ಕೋಣೆಯ ತಗಡಿನ ಕಟ್ಟಡ, ಅದರ ಬೆನ್ನಿಗೊಂದು ಎತ್ತರದ ಕಂಬ, ಅಷ್ಟೆ. ಆ ಕಟ್ಟಡದೊಳಗೆ ಮಧ್ಯಾಹ್ನದ ಊಟದ ಹೊತ್ತಿಗೆ ಹಾಡು ಹಾಕುವ ಮಿಸ್ ವೆಲ್ಡಾ ಸ್ಟೈಲ್ಸ್ ತೋರುಬೆರಳು ಎತ್ತಿದರೆಂದರೆ ಯಾರೂ ಕೆಮ್ಮುವಂತಿರಲಿಲ್ಲ. ಬೆರಳು ಮೇಲಿದೆ ಅಂದರೆ ಗ್ರಾಮಫೋನ್ ಪ್ಲೇಟು ತಿರುಗುತ್ತಿದೆ ಎಂದರ್ಥ. ಮೈಕು ಮುಚ್ಚಿರುತ್ತಿತ್ತು, ನಾವು ಒಳಗೆ ಕುಣಿದು ಕುಪ್ಪಳಿಸಿದರೂ ಹೊರಗೆ ಕೇಳುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಬೆರಳು. ಒಮ್ಮೆ ಸ್ಟೇಷನ್ ಮಾಲೀಕರೇ ಬಾಗಿಲು ತಳ್ಳಿಕೊಂಡು ಬಂದು, ಏನೋ ಹೇಳಲು ಬಾಯಿ ತೆರೆದು, ಆ ಬೆರಳು ನೋಡಿ ಬಾಯಿ ಮುಚ್ಚಿಕೊಂಡು, ಹಾಡು ಮುಗಿಯುವ ತನಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಸಂಬಳ ಕೊಡುವವರು ಅವರು, ಬೆರಳು ಎತ್ತುವವರು ಇವರು.

ನಾನು ಲೀಮನ್. ಅಲ್ಲಿ ಹತ್ತಿ, ಸೋಯಾ ದರ ಓದುವುದು, ಅಂಗಡಿಗಳಿಂದ ಜಾಹೀರಾತು ತರುವುದು, ಯಂತ್ರ ಬಿಸಿಯಾದರೆ ಫ್ಯಾನು ತಿರುಗಿಸುವುದು ನನ್ನ ಕೆಲಸ. ಮಿಸ್ ವೆಲ್ಡಾ ತೀರಿಕೊಂಡು ಈಗ ಕೆಲವು ವರ್ಷವಾಯಿತು. ಊರಿನವರು ಅವರ ಬಗ್ಗೆ ಹೇಳುವ ಕಥೆಗಳಲ್ಲಿ ಅರ್ಧಕ್ಕರ್ಧ ಸುಳ್ಳು. ಸುಂಟರಗಾಳಿಯ ದಿನದ್ದಂತೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಆಗಿಬಿಟ್ಟಿದೆ. ಆ ಕೋಣೆಯಲ್ಲಿ ಇದ್ದವನು ನಾನೊಬ್ಬನೇ. ಅದಕ್ಕೇ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕ ಅದು. ನ್ಯಾಶ್‌ವಿಲ್‌ನ ಪ್ಲೇಟು ಕಂಪನಿಯವರು ಹಳ್ಳಿ ಹಾಡನ್ನೆಲ್ಲ ಪಿಟೀಲಿನ ಪಾಕದಲ್ಲಿ ಅದ್ದಿ ತೆಗೆಯುತ್ತಿದ್ದ ಕಾಲ. ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಮಿಸ್ ವೆಲ್ಡಾ ಅವನ್ನು ಮುಟ್ಟುತ್ತಲೂ ಇರಲಿಲ್ಲ. ಅವರದು ಇಪ್ಪತ್ತು ವರ್ಷ ಹಿಂದಿನ ಪ್ಲೇಟುಗಳು: ಹಳ್ಳಿ ಹಾಡು, ಮತ್ತು ಅದರ ಪುಂಡ ತಮ್ಮನಂಥ ರಾಕಬಿಲಿ. ಹತ್ತಿ ಬಿಡಿಸುವ ಮನೆಗಳ ಹುಡುಗರು ತಲೆಗೆ ಎಣ್ಣೆ ಮೆತ್ತಿಕೊಂಡು ಮೆಂಫಿಸ್‌ಗೆ ಬಸ್ ಹತ್ತಿ ಹೋಗಿ ಒಂದೇ ಮಧ್ಯಾಹ್ನದಲ್ಲಿ ಹಾಡಿ ಬಂದ ಪ್ಲೇಟುಗಳವು. ಮುಳ್ಳು ಇಡುವ ಮುಂಚೆ ಅವರು ಆ ಪ್ಲೇಟಿನ ಜಾತಕವನ್ನೆಲ್ಲ ಹೇಳುತ್ತಿದ್ದರು. ಇದನ್ನು ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡಿದ್ದು. ಡ್ರಮ್ಮಿಗೆ ಕಾಸಿಲ್ಲದೆ ಗಿಟಾರಿನ ತಂತಿಗೆ ಕಾಗದ ಸಿಕ್ಕಿಸಿ ಟಿಕ್ ಟಿಕ್ ಎನ್ನಿಸಿದ್ದಾರೆ, ಕಿವಿಗೊಟ್ಟು ಕೇಳಿ. ನುಡಿಸಿದವನು ಈಗ ಬ್ಲೈದ್‌ವಿಲ್‌ನಲ್ಲಿ ವಿಮೆ ಮಾರುತ್ತಾನೆ, ಕಂಡರೆ ನಮಸ್ಕಾರ ಹೇಳಿ. ಆಮೇಲೆ ಮುಳ್ಳು, ಆಮೇಲೆ ಬೆರಳು.

ಬೇರೆ ಸ್ಟೇಷನ್ನಿನವರು ಹಾಡಿನ ತಲೆಯ ಮೇಲೆ ಹರಟುತ್ತಿದ್ದರು, ಸುದ್ದಿಯ ಹೊತ್ತಾಯಿತೆಂದು ಬಾಲ ಕತ್ತರಿಸುತ್ತಿದ್ದರು. ಮಿಸ್ ವೆಲ್ಡಾ ಅಷ್ಟು ವರ್ಷದಲ್ಲಿ ಒಂದು ಪ್ಲೇಟನ್ನೂ ಅರ್ಧಕ್ಕೆ ಎತ್ತಿರಲಿಲ್ಲ. ಮುಳ್ಳು ಗೆರೆಯಲ್ಲಿ ಸಿಕ್ಕಿಕೊಂಡು ಪ್ಲೇಟು ಒಂದೇ ಮಾತನ್ನು ಹೇಳುತ್ತಿದ್ದರೆ ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರೇ ಹೊರತು ಎತ್ತುತ್ತಿರಲಿಲ್ಲ. ದೇಶದ ಅಧ್ಯಕ್ಷರ ರಾಜೀನಾಮೆಯ ಸುದ್ದಿ ಬಂದಾಗಲೂ ಹಾಡು ಮುಗಿಸಿಯೇ ಓದಿದ್ದು. ನಾನು ಒಮ್ಮೆ ಕೇಳಿದ್ದಕ್ಕೆ, "ಆ ಹುಡುಗರಿಗೆ ಇಡೀ ಜನ್ಮದಲ್ಲಿ ಸಿಕ್ಕಿದ್ದು ಎರಡು ನಿಮಿಷ ಲೀಮನ್, ಅದರಲ್ಲೂ ನಾವು ಕದಿಯೋದಾ?" ಅಂದಿದ್ದರು. ಈ ಹಟ ಕೌಂಟಿಗೆಲ್ಲ, ಎಂದರೆ ನಮ್ಮ ಜಿಲ್ಲೆಗೆಲ್ಲ, ಗೊತ್ತಿತ್ತು. ಹೆಂಗಸರು ಇವರ ಹಾಡಿನ ಲೆಕ್ಕದಲ್ಲೇ ಮೊಟ್ಟೆ ಬೇಯಿಸುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ಊಟದ ಹೊತ್ತಿನ ಕಾರ್ಯಕ್ರಮದಲ್ಲಿ ಮೊದಲು ತೀರಿಕೊಂಡವರ ಸುದ್ದಿ. ಯಾರು, ಯಾರ ಮಗ, ಮಣ್ಣು ಎಷ್ಟು ಹೊತ್ತಿಗೆ, ಯಾವ ಚರ್ಚಿನಲ್ಲಿ. ಅದಾದ ಮೇಲೆ ಸತ್ತವರಿಗೆಂದು ಒಂದು ಪ್ಲೇಟು, ಅವರು ಮೆಚ್ಚಿದ್ದೋ ಅವರೇ ನುಡಿಸಿದ್ದೋ. ಶವ ಇಟ್ಟ ಮನೆಯಲ್ಲಿ ನೆಂಟರೆಲ್ಲ ರೇಡಿಯೋ ಸುತ್ತ ಕೂತು ಕೇಳುತ್ತಿದ್ದರು. ಪಾದ್ರಿಯ ಪ್ರಾರ್ಥನೆ ತಪ್ಪಿದರೂ ನಡೆದೀತು, ಮಿಸ್ ವೆಲ್ಡಾರ ಪ್ಲೇಟು ತಪ್ಪಬಾರದು ಎನ್ನುವವರಿದ್ದರು.

ಮತ್ತೊಂದು ಕಟ್ಟುನಿಟ್ಟು ಅವರೇ ತಮಗೆ ಹಾಕಿಕೊಂಡದ್ದು. ಹಾಡು ಹಾಕಲು ರೇಡಿಯೋದವರು ಲಂಚ ತಿನ್ನುತ್ತಾರೆ ಎಂದು ದೇಶವೆಲ್ಲ ಗುಲ್ಲೆದ್ದ ವರ್ಷ ಅವರು ಮೈಕಿನಲ್ಲೇ ಹೇಳಿದ್ದರು, ನನ್ನ ರಕ್ತಸಂಬಂಧಿಗಳ ಪ್ಲೇಟು ನಾನು ಹಾಕುವುದಿಲ್ಲ ಅಂತ. ಊರು ಮೆಚ್ಚಿತು. ಆದರೆ ಪ್ಲೇಟು ಮಾಡಿದ ರಕ್ತಸಂಬಂಧಿ ಅವರಿಗಿದ್ದವನು ಒಬ್ಬನೇ, ತಮ್ಮ ಹಾಯ್ಟ್.

ಹಾಯ್ಟ್‌ನಿಗೆ ಗಿಟಾರು ತರಿಸಿಕೊಟ್ಟವರೇ ಅಕ್ಕ. ತಾಯಿ ಬೇಗ ಹೋದಳು, ಹತ್ತಿ ಹೊಲದಲ್ಲಿ ಇವನನ್ನು ಚೀಲದ ಮೇಲೆ ಕೂರಿಸಿ ಎಳೆದುಕೊಂಡು ಹೋಗಿ ಬೆಳೆಸಿದವರು ಇವರು. ಐವತ್ತೇಳರಲ್ಲಿ ಅವನು ಗೆಳೆಯ ಪರ್ವಿಸ್ ಲಾಟ್‌ನನ್ನು ಕಟ್ಟಿಕೊಂಡು ಮೆಂಫಿಸ್‌ಗೆ ಹೋಗಿ ಒಂದು ಪ್ಲೇಟು ಹಾಡಿ ಬಂದ. ದೋಣಿ ತಪ್ಪಿಸಿಕೊಂಡವನೊಬ್ಬ ದಡದಲ್ಲಿ ನಿಂತು ಕೂಗುವ ಹಾಡು. ಪರ್ವಿಸ್ ಆಳೆತ್ತರದ ಪಿಟೀಲಿನಂಥ ಬೇಸ್ ನುಡಿಸಿದ್ದ, ತಂತಿಯನ್ನು ಎಳೆದು ಹಲಗೆಗೆ ಬಡಿದು. ಹಾಡಿನ ಕೊನೆಗೆ ಮಿಕ್ಕವರೆಲ್ಲ ನಿಂತು ಅವನೊಬ್ಬನೇ ಬಡಿಯುವ ಜಾಗವೊಂದಿತ್ತು. ಪ್ಲೇಟು ಹೊರಬಂದ ಸ್ವಲ್ಪ ದಿನಕ್ಕೆ ಕಂಪನಿ ಮುಚ್ಚಿತು. ಹಾಯ್ಟ್ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕೆ ಸೇರಿದ, ದಕ್ಷಿಣ ರಸ್ತೆಯಲ್ಲಿ ಚಕ್ರದ ಮೇಲಿನ ತಗಡಿನ ಟ್ರೇಲರ್ ಮನೆಯೊಂದನ್ನು ತಂದು ನಿಲ್ಲಿಸಿಕೊಂಡ. ಅಕ್ಕ ಊರಿನ ಎಲ್ಲ ಅಬ್ಬೇಪಾರಿಗಳ ಪ್ಲೇಟು ಹಾಕುತ್ತಾಳೆ, ತನ್ನದೊಂದನ್ನು ಬಿಟ್ಟು, ಎಂಬುದು ಅವನ ಎದೆಯಲ್ಲಿ ಮುಳ್ಳಾಗಿ ಮುರಿದು ಕೂತಿತ್ತು. ನಿಯಮ ಪಿಯಮ ಎಲ್ಲ ನೆಪ, ನನ್ನ ಹಾಡು ಅವಳಿಗೆ ಹಿಡಿಸಿಲ್ಲ, ನಾಚಿಕೆ ಪಡುತ್ತಾಳೆ ಎಂದು ಜಿನ್ನಿನ ಗೆಳೆಯರೆದುರು ಕುಡಿದಾಗಲೂ ಕುಡಿಯದಾಗಲೂ ಹೇಳುತ್ತಿದ್ದ. ಹಬ್ಬದ ಊಟಕ್ಕೆ ಬಂದರೆ ಉಪ್ಪು ಕೊಡು, ರೊಟ್ಟಿ ಕೊಡು ಎಂಬಷ್ಟೇ ಮಾತು.

ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಸ್ಟೇಷನ್ನಿನ ಕಪಾಟಿನಲ್ಲಿ ಅವನ ಪ್ಲೇಟಿನ ಒಂದು ಪ್ರತಿಯಿತ್ತು. ಒಂದು ಸಲವೂ ಪ್ರಸಾರವಾಗದ ಆ ಪ್ಲೇಟು ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಸಂಜೆ ಪ್ರಸಾರ ಮುಗಿದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದವರು ಯಾರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮನಿಗೆ ಹೇಳಿಬಿಡಿ ಎಂದು ನಾನು ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಎರಡು ದಿನ ನನ್ನ ಜೊತೆಯೂ ಮಾತಿಲ್ಲ. ಅಕ್ಕತಮ್ಮ ಇಬ್ಬರೂ ಒಂದೇ ಮರದಲ್ಲಿ ಕೆತ್ತಿದವರು.

ಸುಂಟರಗಾಳಿ ಬಂದ ವರ್ಷ ಏಪ್ರಿಲ್‌ನಲ್ಲಿ ಪರ್ವಿಸ್ ಲಾಟ್ ಸತ್ತ. ಹೃದಯ ನಿಂತಿತು, ಮೀನು ಹಿಡಿಯುತ್ತಿದ್ದವನು ದೋಣಿಯಲ್ಲೇ ಒರಗಿದ. ಅವನು ನುಡಿಸಿದ್ದ ಪ್ಲೇಟು ಇಡೀ ಲೋಕದಲ್ಲಿ ಒಂದೇ, ಹಾಯ್ಟ್‌ನದು. ಸತ್ತವನಿಗೆ ಅವನ ಪ್ಲೇಟು ಹಾಕಬೇಕು, ತಮ್ಮನ ಪ್ಲೇಟು ಹಾಕಬಾರದು. ಮಿಸ್ ವೆಲ್ಡಾ ಬೆಳಿಗ್ಗೆಯೆಲ್ಲ ಆ ಬೂದಿ ಪ್ಲೇಟನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಕೊನೆಗೆ, ಸತ್ತವನದು ದೊಡ್ಡದು, ಇದು ಪರ್ವಿಸ್‌ನ ಪ್ಲೇಟು, ಹಾಯ್ಟ್ ಅದರಲ್ಲಿ ಹಾಡಿದ್ದಾನೆ ಅಷ್ಟೆ, ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಹಾಯ್ಟ್‌ಗೆ ಫೋನ್ ಮಾಡಲು ನನಗೆ ಹೇಳಿದರು.

ಹಾಯ್ಟ್ ಮನೆಯಲ್ಲೇ ಇದ್ದ. ಗೆಳೆಯನ ಸಾವಿಗೆಂದು ಜಿನ್ನಿಗೆ ರಜೆ ಹಾಕಿದ್ದ. ಮಧ್ಯಾಹ್ನ ರೇಡಿಯೋ ಹಚ್ಚಬೇಕಂತೆ ಎಂದೆ. ಅದನ್ನು ಹೇಳಲು ಅವಳಿಗೆ ಬಾಯಿ ಇಲ್ಲವಾ ಎಂದ. ಮಿಸ್ ವೆಲ್ಡಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಪರ್ವಿಸ್‌ಗೆ ನಿನ್ನ ಪ್ಲೇಟು ಹಾಕ್ತಿದೀನಿ."

ಆ ಕಡೆಯಿಂದ ಅವನ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು. "ಪೂರ್ತಿ ಹಾಕ್ತೀಯಾ ಅಕ್ಕಾ?"

"ಹಾಯ್ಟ್ ಎಲ್ಡನ್ ಸ್ಟೈಲ್ಸ್, ನಾನು ಯಾವತ್ತಾದ್ರೂ ಅರ್ಧ ಹಾಕಿದೀನಾ?"

"ಮಾತು ಕೊಡು."

"ಕೊಟ್ಟೆ" ಎಂದು ಫೋನ್ ಇಟ್ಟರು. ಆ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಂದು ಬೆಳಿಗ್ಗೆಯಿಂದಲೇ ಸೆಕೆ ಮೈಗೆ ಅಂಟುತ್ತಿತ್ತು. ನೈಋತ್ಯದ ಆಕಾಶ ಹಳದಿಗೆ ತಿರುಗಿತ್ತು. ತಂತಿಯಲ್ಲಿ ಬಂದ ಸುದ್ದಿಯನ್ನು ಅಚ್ಚೊತ್ತುವ ಯಂತ್ರ ಬೆಳಗಿನಿಂದ ಗಂಟೆ ಹೊಡೆದು ಹೊಡೆದು ಸುಂಟರಗಾಳಿಯ ಎಚ್ಚರಿಕೆ ಉಗುಳುತ್ತಿತ್ತು. ಆದರೆ ಆ ವಸಂತದಲ್ಲಿ ಅದು ಅದನ್ನೇ ಮಾಡುತ್ತಿತ್ತು. ಬಂದ ಎಚ್ಚರಿಕೆಗಳನ್ನೆಲ್ಲ ಮಿಸ್ ವೆಲ್ಡಾ ಹಾಡು ಮುಗಿದ ಮೇಲೆ ತಪ್ಪದೆ ಓದುತ್ತಿದ್ದರು, ಗಾಳಿ ಮಾತ್ರ ಬರುತ್ತಿರಲಿಲ್ಲ. ಮೊದಮೊದಲು ಮಕ್ಕಳು ಮರಿ ಕಟ್ಟಿಕೊಂಡು ನೆಲಮಾಳಿಗೆಗೆ ಇಳಿದವರು ಈಗ ಎದ್ದು ಕಿಟಕಿ ಹಾಕುತ್ತಲೂ ಇರಲಿಲ್ಲ. ರೇಡಿಯೋದಲ್ಲಿ ಸುಂಟರಗಾಳಿ ಅಂದರೆ ಧೈರ್ಯವಾಗಿ ಬಟ್ಟೆ ಒಣಹಾಕಬಹುದು ಎಂದು ನನ್ನ ಹೆಂಡತಿಯೇ ಆಡಿಕೊಳ್ಳುತ್ತಿದ್ದಳು.

ಸೈರನ್ನಿನ ಕಥೆ ಇನ್ನೂ ಚೆನ್ನ. ಊರಿಗಿದ್ದದ್ದು ಒಂದೇ ಸೈರನ್, ಬೆಂಕಿ ಆರಿಸುವ ಪಡೆಯ ಮುಖ್ಯಸ್ಥ ಡೂಲಿಯ ಕೈಯಲ್ಲಿ. ಅವನು ದಿನಾ ಹನ್ನೆರಡು ಗಂಟೆಗೆ ಊಟಕ್ಕೆಂದು ಅದನ್ನು ಊದುತ್ತಿದ್ದ. ಹೊಟ್ಟೆಪಾಡಿಗೆ ಗ್ಯಾರೇಜು ಇಟ್ಟುಕೊಂಡಿದ್ದ ಆಸಾಮಿ. ಯಾವುದೋ ಗಾಡಿಯ ಕೆಳಗೆ ಮಲಗಿ ಹೊತ್ತು ಮರೆತು ಹನ್ನೆರಡೂ ಕಾಲಿಗೆ ಊದುವುದು, ಊದಿದ್ದು ಮರೆತು ಇನ್ನೊಮ್ಮೆ ಊದುವುದು ಮಾಮೂಲು. ಸುಂಟರಗಾಳಿಗೂ ಅದೇ ಸೈರನ್. ಹೀಗಾಗಿ ಆ ಹೊತ್ತಿನಲ್ಲಿ ಸೈರನ್ ಎಷ್ಟು ಸಲ ಕೂಗಿದರೂ ಊರು ನಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ.

ಹನ್ನೆರಡಕ್ಕೆ ಸೈರನ್ ಆಯಿತು. ಮಿಸ್ ವೆಲ್ಡಾ ತೀರಿಕೊಂಡವರ ಸುದ್ದಿ ಓದಿದರು. ಪರ್ವಿಸ್ ಲಾಟ್, ಮೀನು ಹಿಡಿಯುತ್ತಾ ಹೋದರು, ಅವರಿಗೆ ಇಷ್ಟವಾದ ಕೆಲಸ ಮಾಡುತ್ತಾ. ಆಮೇಲೆ ಪ್ಲೇಟಿನ ಕಥೆ. ಪರ್ವಿಸ್ ಬೇಸನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಮೆಂಫಿಸ್‌ಗೆ ಹೋದದ್ದು, ಬಡಿದು ಬಡಿದು ಬೆರಳು ಒಡೆದು ಪ್ಲಾಸ್ಟರ್ ಸುತ್ತಿಕೊಂಡು ನುಡಿಸಿದ್ದು. "ಕೊನೆಯಲ್ಲಿ ಅವನೊಬ್ಬನೇ ನುಡಿಸೋ ಜಾಗ ಬರತ್ತೆ, ಅಲ್ಲೀತನಕ ಕಾಯಿರಿ" ಅಂದರು. "ಹಾಡಿರೋದು ನನ್ನ ತಮ್ಮ" ಅಂದರು, ಅಷ್ಟೇ. ಮುಳ್ಳು ಇಟ್ಟರು. ಬೆರಳು ಎತ್ತಿದರು.

ಹಾಯ್ಟ್‌ನ ಇಪ್ಪತ್ತರ ಹರೆಯದ ದನಿ ತಗಡಿನ ಕೋಣೆ ತುಂಬಿತು. ಒಳ್ಳೆಯ ಹಾಡು. ತಮ್ಮನೆಂದು ಹೇಳುತ್ತಿಲ್ಲ, ನನಗೇನು ಅವನು ತಮ್ಮನಲ್ಲ. ನಿಜವಾಗಿಯೂ ಒಳ್ಳೆಯ ಹಾಡು.

ಮೊದಲ ಚರಣ ಮುಗಿಯುವುದರೊಳಗೆ ಕಿಟಕಿ ಕಪ್ಪಾಯಿತು. ಎರಡನೇ ಸಲ ಸೈರನ್ ಕೂಗಿತು. ಪ್ರಸಾರದ ಕೋಣೆಯ ಫೋನಿಗೆ ಗಂಟೆಯಿರಲಿಲ್ಲ, ಅದರ ಕೆಂಪು ದೀಪ ಮಿಣಮಿಣ ಎಂದಿತು. ಎತ್ತಿದೆ. ಡೂಲಿ ಏದುಸಿರು ಬಿಡುತ್ತಿದ್ದ.

"ಲೀಮನ್, ಅದು ನೆಲಕ್ಕಿಳಿದಿದೆ. ಹಳೇ ದೋಣಿಕಟ್ಟೆ ದಾಟ್ತಿದೆ. ಮಳೆ ಒಳಗೆ ಅಡಗಿಕೊಂಡಿದೆ, ಮೈಮೇಲೆ ಬರೋ ತನಕ ಯಾರಿಗೂ ಕಾಣಲ್ಲ. ನಾನು ಸೈರನ್ ಊದ್ತಿದ್ರೆ ಎದುರುಮನೆಯವರು ಜಗಲಿ ಮೇಲೆ ತಟ್ಟೆ ಹಿಡ್ಕೊಂಡು ನನಗೆ ಟಾಟಾ ಮಾಡ್ತಿದಾರೆ ಕಣೋ. ಮಿಸ್ ವೆಲ್ಡಾಗೆ ಹೇಳು. ಈಗಲೇ."

ಬೆರಳು ಮೇಲಿದ್ದಾಗ ನಾನು ಆ ಕೋಣೆಯಲ್ಲಿ ಮಾತಾಡಿದ್ದು ಅದೊಂದೇ ಸಲ. ಡೂಲಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಿಸ್ ವೆಲ್ಡಾ ನನ್ನ ಕಡೆ ತಿರುಗಿದರು.

"ದೋಣಿಕಟ್ಟೆನಾ?"

ಹೌದೆಂದೆ. ದೋಣಿಕಟ್ಟೆಯಿಂದ ಊರಿಗೆ ಬರುವುದು ದಕ್ಷಿಣ ರಸ್ತೆಯ ಮೇಲೇ. ಆ ರಸ್ತೆಯಲ್ಲಿ ಮೊದಲು ಸಿಗುವುದು ಹಾಯ್ಟ್‌ನ ಟ್ರೇಲರ್. ಗಾಳಿಗೆ ಅದೊಂದು ಬೆಂಕಿಪೊಟ್ಟಣ. ನೆಲಕ್ಕೆ ಕಟ್ಟಿದ ನಾಲ್ಕು ಹಗ್ಗ ಬಿಟ್ಟರೆ ಅದನ್ನು ಹಿಡಿದಿಡುವುದು ಏನೂ ಇರಲಿಲ್ಲ. ಆದರೆ ಪಕ್ಕದಲ್ಲೇ ಆಳವಾದ ಕಾಲುವೆಯಿತ್ತು. ಓಡಿ ಹೋಗಿ ಅದರಲ್ಲಿ ಬೋರಲು ಮಲಗಿದರೆ ಬದುಕಬಹುದಿತ್ತು.

ಪ್ಲೇಟು ಅರ್ಧ ಮುಗಿದಿತ್ತು. ಇನ್ನೊಂದು ನಿಮಿಷ, ಬಹಳ ಹೆಚ್ಚೆಂದರೆ. ಮುಗಿಸಿ ಹೇಳಬಹುದಲ್ಲ ಎಂದು ನನಗೇ ಅನಿಸಿತು. ಅದನ್ನು ನನ್ನ ಮುಖದಲ್ಲೇ ಓದಿದರೋ ಏನೋ.

"ಮುಗಿಸಿ ಹೇಳಿದ್ರೆ ದಿನಾ ಹೇಳೋ ಥರಾನೇ ಕೇಳ್ತಾರೆ" ಎಂದರು. "ಒಬ್ರೂ ಏಳಲ್ಲ. ಈಗ ಎತ್ತಿದ್ರೆ ಎಲ್ರೂ ಏಳ್ತಾರೆ ಲೀಮನ್. ಅವನೊಬ್ಬನ್ನ ಬಿಟ್ಟು."

ಆಗ ನನಗೆ ಅರ್ಥವಾಯಿತು. ಮಿಸ್ ವೆಲ್ಡಾ ಪ್ಲೇಟು ಅರ್ಧಕ್ಕೆ ನಿಲ್ಲಿಸಿದರೆ ಏನೋ ಘೋರವಾಗಿದೆ ಎಂದು ಕೌಂಟಿಯ ಎಲ್ಲರಿಗೂ ಹೊಳೆಯುತ್ತದೆ. ಹಾಯ್ಟ್‌ಗೆ ಮಾತ್ರ ಬೇರೆಯೇ ಹೊಳೆಯುತ್ತದೆ. ಇಷ್ಟು ವರ್ಷ ಅಂದುಕೊಂಡದ್ದು ಸರಿಯಾಯಿತು, ಅವಳಿಂದ ಪೂರ್ತಿ ಕೇಳಲಿಕ್ಕೂ ಆಗಲಿಲ್ಲ, ಊರೆದುರು ನನ್ನ ಬಾಯಿ ಮುಚ್ಚಿಸಿದಳು ಅಂತ. ಮರುಗಳಿಗೆಯೇ ರೇಡಿಯೋ ಆರಿಸುತ್ತಾನೆ. ಆಮೇಲೆ ಇವರು ಏನು ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ.

ಅವನಿಗೊಂದು ಫೋನ್ ಮಾಡು ಎಂದರು. ಮಾಡಿದೆ. ದಕ್ಷಿಣ ರಸ್ತೆಯ ತಂತಿ ಆಗಲೇ ಸತ್ತಿತ್ತು. ತಲೆಯಾಡಿಸಿದೆ.

ಪ್ಲೇಟಿನಲ್ಲಿ ಹಾಯ್ಟ್ ಎರಡನೇ ಚರಣದ ಕೊನೆಯಲ್ಲಿ ದೋಣಿಯವನನ್ನು ಕೂಗಿ ಕರೆಯುತ್ತಿದ್ದ. ಅದಾದ ಮೇಲೆ ಪರ್ವಿಸ್ ಒಬ್ಬನೇ ನುಡಿಸುವ ಜಾಗ. ಮಿಸ್ ವೆಲ್ಡಾ ಎತ್ತಿದ್ದ ಬೆರಳನ್ನು ಇಳಿಸಿದರು. ಅದೇ ಬೆರಳಿನಿಂದ ಮುಳ್ಳನ್ನು ಎತ್ತಿದರು. ಕರಕರ ಸದ್ದು ಕೂಡ ಬರಲಿಲ್ಲ, ಅಷ್ಟು ನಯವಾಗಿ. ಹಾಡುವವನ ಬಾಯಿ ತೆರೆದದ್ದು ತೆರೆದೇ ಇದ್ದಂತೆ ಹಾಡು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಅವರು ಸುಮ್ಮನಿದ್ದರು. ಬೇಕೆಂದೇ ಸುಮ್ಮನಿದ್ದರು, ಜನಕ್ಕೆ ಕೇಳಲಿ ಅಂತ. ಆಮೇಲೆ ಮೈಕು ತೆರೆದರು.

"ವೆಲ್ಡಾ ಮಾತಾಡ್ತಿರೋದು. ಪ್ಲೇಟು ನಾನೇ ನಿಲ್ಲಿಸಿದೀನಿ. ಗಾಳಿ ದೋಣಿಕಟ್ಟೆ ದಾಟಿದೆ. ತಟ್ಟೆ ಬಿಟ್ಟು ಏಳಿ, ನೆಲಮಾಳಿಗೆಗೆ ಇಳೀರಿ. ಟ್ರೇಲರ್‌ನಲ್ಲಿರೋರು ಕಾಲುವೆಗೆ ಓಡಿ. ಹಾಯ್ಟ್, ನೀನೂ. ಹಾಡು ಚೆನ್ನಾಗಿದೆ ಕಣೋ, ಹಾಡಿಗೋಸ್ಕರ ನಿಲ್ಲಿಸಿದ್ದಲ್ಲ. ಕಾಲುವೆಗೆ ಹೋಗು."

ಅದನ್ನೇ ಮತ್ತೆ ಹೇಳಿದರು, ಮತ್ತೆ ಮತ್ತೆ. ಹಾಡು ಚೆನ್ನಾಗಿದೆ, ಕಾಲುವೆಗೆ ಹೋಗು. ಇಷ್ಟು ವರ್ಷ ಹೇಳದ ಮಾತನ್ನು, ಕೇಳಿಸಿಕೊಳ್ಳಬೇಕಾದವನೊಬ್ಬನನ್ನು ಬಿಟ್ಟು ಇಡೀ ಕೌಂಟಿಗೆ ಹೇಳುತ್ತಿದ್ದರು. ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗುವ ಹಾಗೂ ಇರಲಿಲ್ಲ. ದೀಪಗಳು ಹೋದವು, ಮೈಕು ಸತ್ತಿತು, ಸತ್ತ ಮೈಕಿಗೂ ಅವರು ಹೇಳುತ್ತಲೇ ಇದ್ದರು. ನಾನು ಅವರ ತೋಳು ಹಿಡಿದು ಕಬ್ಬಿಣದ ಮೇಜಿನ ಕೆಳಕ್ಕೆ ಎಳೆದೆ. ಮೇಲಿನ ತಗಡು ಒಂದೊಂದಾಗಿ ಕಿತ್ತುಹೋಗುವುದು ಕೇಳುತ್ತಿತ್ತು. ಹೊರಗೆ ಕಂಬ ನರಳಿ, ಬಾಗಿ, ಹೊಲದ ಕಡೆಗೆ ಬಿತ್ತು. ನಮ್ಮ ಕಡೆ ಬಿದ್ದಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ.

ಊರಲ್ಲಿ ಏನಾಯಿತೆಂಬುದು ಆಮೇಲೆ ತಿಳಿದದ್ದು. ಹಾಡು ನಿಂತದ್ದೇ ಹೆಂಗಸರು ಒಲೆ ಆರಿಸದೆ ಮಕ್ಕಳನ್ನು ಎತ್ತಿಕೊಂಡು ಓಡಿದರಂತೆ. ನನ್ನ ಹೆಂಡತಿ ಮಾತು ಬರುವ ಮುಂಚೆಯೇ ನೆಲಮಾಳಿಗೆಯ ಮೆಟ್ಟಿಲ ಮೇಲಿದ್ದಳಂತೆ, ಕೈಯಲ್ಲಿ ಸೌಟು ಹಾಗೇ ಇತ್ತು. ಶವದ ಮನೆಯಲ್ಲಿ ಪರ್ವಿಸ್‌ನ ನೆಂಟರಿಷ್ಟರೆಲ್ಲ ಅವನೊಬ್ಬನನ್ನು ಮೇಲೆ ಬಿಟ್ಟು ಕೆಳಗೆ ಇಳಿದಿದ್ದರು. ಅವನೇನೂ ಬೇಜಾರು ಮಾಡಿಕೊಂಡಿರಲಾರ. ಮಾಡು ಹಾರಿಹೋದ ಮನೆಗಳು ಬೇಕಾದಷ್ಟು, ಆದರೆ ಅವುಗಳ ಕೆಳಗಿನಿಂದ ಜನ ಎದ್ದು ಬಂದರು.

ಆದರೆ ಆ ಹೊತ್ತಿನಲ್ಲಿ ನಮಗೆ ಇದೊಂದೂ ಗೊತ್ತಿರಲಿಲ್ಲ. ಗದ್ದಲ ಈಶಾನ್ಯಕ್ಕೆ ಸರಿದು, ಬರೀ ಮಳೆ ಉಳಿಯಿತು. ಮಿಸ್ ವೆಲ್ಡಾ ಮೇಜಿನಡಿಯಿಂದ ಹೊರಬಂದು, ಬಾಗಿಲಿದ್ದ ಜಾಗ ದಾಟಿ ರಸ್ತೆಗೆ ನಡೆದರು. ದಕ್ಷಿಣಕ್ಕೆ ಮುಖ ಮಾಡಿ ನಿಂತರು. ನಾನು ನನ್ನ ಕೋಟು ತಂದು ಹೊದಿಸಿದೆ. ಅದು ಭುಜದಿಂದ ಜಾರಿ ಬಿದ್ದರೂ ಅವರಿಗೆ ತಿಳಿಯಲಿಲ್ಲ.

"ಆರಿಸಿರ್ತಾನೆ" ಎಂದರು. "ನಾನು ಬಾಯಿ ತೆಗೆಯೋ ಮುಂಚೆ ಆರಿಸಿರ್ತಾನೆ. ಅವನು ಹಾಗೇನೆ."

ಕೇಳಿಸಿಕೊಂಡಿರಬಹುದು ಎಂದು ಸಮಾಧಾನ ಹೇಳಿದೆ. ನನ್ನ ಮಾತು ನನಗೇ ನಂಬಿಕೆ ಬರಲಿಲ್ಲ. ನಡೆದೇ ಹೋಗುತ್ತೇನೆ ಎಂದು ಅವರು ಹೊರಟೂಬಿಟ್ಟರು. ಅಷ್ಟರಲ್ಲಿ ದಕ್ಷಿಣದಿಂದ ಡೂಲಿ ಬೆಂಕಿ ಆರಿಸುವ ಗಾಡಿಯಲ್ಲಿ ಬಂದ. ಗಾಡಿ ನಿಲ್ಲಿಸಿ ಇಳಿದವನು ನಮ್ಮ ಹತ್ತಿರ ಬರದೆ ಗಾಡಿಗೆ ಒರಗಿಯೇ ನಿಂತ.

"ಮಿಸ್ ವೆಲ್ಡಾ" ಎಂದ, ನೆಲ ನೋಡುತ್ತಾ. "ದಕ್ಷಿಣ ರಸ್ತೇಲಿ ಟ್ರೇಲರ್ ಒಂದೂ ಉಳಿದಿಲ್ಲ. ಹಾಯ್ಟ್‌ದು ಕಾಲುವೆ ಆಚೆ ಹೊಲದಲ್ಲಿ ಬಿದ್ದಿದೆ, ತಿರುಚಿ ಹಿಂಡಿದ ಹಾಗೆ."

"ಅವನು?"

"ಕಾಲುವೆ ಪೂರ್ತಿ ನೋಡಿದ್ವಿ. ಅಲ್ಲಿ ಯಾರೂ ಇಲ್ಲ." ಡೂಲಿ ಬಂದ ದಾರಿಯ ಕಡೆ ಕೈ ತೋರಿಸಿದ. "ಹುಡುಗರು ತಗಡು ಎತ್ತುತ್ತಿದಾರೆ. ನೀವು ಬರೋದು ಬೇಡ."

ಕಾಲುವೆಯಲ್ಲಿ ಇಲ್ಲ ಅಂದರೆ ತಗಡಿನೊಳಗೇ. ಮಿಸ್ ವೆಲ್ಡಾ ಅಳಲಿಲ್ಲ. ತಮ್ಮ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದು ಹಿಸುಕುತ್ತಾ ನಿಂತರು, ಅದು ಬೇರೆ ಯಾರದೋ ಬೆರಳು ಎಂಬಂತೆ. ನಾನು ಆ ಕಡೆ ನೋಡಲಾರದೆ ಬಿದ್ದ ಕಂಬವನ್ನು ನೋಡಿದೆ. ಇದಕ್ಕಿಂತ ಕೆಟ್ಟ ಗಳಿಗೆ ನನ್ನ ಆಯುಸ್ಸಿನಲ್ಲಿ ಬಂದಿಲ್ಲ.

ಆಗ ಜಿನ್ನಿನ ಕಡೆಯ ಏರಿ ದಾರಿಯಿಂದ ಗಾಡಿಯೊಂದು ಬರುವ ಸದ್ದಾಯಿತು. ಹಸಿರು ಪಿಕಪ್. ಮುಂದಿನ ಗಾಜು ಆಲಿಕಲ್ಲಿಗೆ ಬಿರಿದು ಜೇಡರ ಬಲೆಯಾಗಿತ್ತು, ಬಾನೆಟ್ಟು ತಗ್ಗುದಿಣ್ಣೆ. ಕೆಸರಲ್ಲಿ ಜಾರುತ್ತಾ ಬಂದು ಡೂಲಿಯ ಗಾಡಿಗೆ ಇನ್ನೇನು ಗುದ್ದಬೇಕು ಅನ್ನುವಾಗ ನಿಂತಿತು. ಬಾಗಿಲನ್ನು ಕಾಲಿನಿಂದ ಒದ್ದು ತೆಗೆದು ಹಾಯ್ಟ್ ಇಳಿದ. ಹಣೆಯ ಮೇಲೆ ರಕ್ತ, ಮುಖ ಕೆಂಡ.

ಹಾಡು ನಿಂತ ಗಳಿಗೆಗೇ ರೇಡಿಯೋ ಆರಿಸಿ, ಅಕ್ಕನ ಗ್ರಹಚಾರ ಬಿಡಿಸಲೆಂದು ಗಾಡಿ ಹತ್ತಿ ಹೊರಟವನು ಅವನು. ದಾರಿಯಲ್ಲಿ ಆಲಿಕಲ್ಲು ಹೊಡೆಯಿತೆಂದು ಜಿನ್ನಿನ ಕಲ್ಲಿನ ಗೋದಾಮಿನೊಳಗೆ ಗಾಡಿ ನುಗ್ಗಿಸಿ ಕೂತಿದ್ದನಂತೆ. ಮಳೆಯ ಗೋಡೆಯಲ್ಲಿ ಹಿಂದೆ ಏನೂ ಕಂಡಿರಲಿಲ್ಲ. ದೊಡ್ಡ ಬಿರುಗಾಳಿ ಎಂದಷ್ಟೇ ಗೊತ್ತು. ನಮ್ಮ ಕಂಬ ಬಿದ್ದದ್ದನ್ನು ನೋಡಿದ, ಮಾಡು ಇಲ್ಲದ್ದನ್ನೂ ನೋಡಿದ. ಆದರೆ ಇಷ್ಟು ವರ್ಷದ ಸಿಟ್ಟು ಒಂದು ಕಂಬ ಬಿದ್ದ ಮಾತ್ರಕ್ಕೆ ನಿಲ್ಲುತ್ತದೆಯೇ?

"ಮಾತು ಕೊಟ್ಟಿದ್ದೆ ನೀನು" ಎಂದು ಅಲ್ಲಿಂದಲೇ ಶುರುಮಾಡಿದ. "ಪೂರ್ತಿ ಹಾಕ್ತೀನಿ ಅಂದಿದ್ದೆ. ಒಂದು ನಿಮಿಷ ಇತ್ತಲ್ಲೇ ಅಕ್ಕಾ. ಪರ್ವಿಸ್‌ದು ಬರೋದಿತ್ತು. ಸತ್ತೋನಿಗೆ ಕೂಡ ಒಂದು ನಿಮಿಷ ಕೊಡೋಕೆ ಆಗ್ಲಿಲ್ವಾ ನಿಂಗೆ? ಊರಲ್ಲಿರೋ ಕತ್ತೆ ಕುದುರೆ ಎಲ್ಲಾ ಹಾಡಿದ್ದನ್ನ ಬೆರಳೆತ್ತಿ ಕೇಳ್ತೀಯ. ನಾನು ಹಾಡಿದ್ರೆ ಮಾತ್ರ ಕಿವಿ ಉರಿಯತ್ತಾ?"

ಮಿಸ್ ವೆಲ್ಡಾ ಮಳೆಯಲ್ಲಿ ನಿಂತು ಅವನನ್ನು ನೋಡುತ್ತಿದ್ದರು. ತಲೆಯಿಂದ ಕಾಲಿನ ತನಕ, ಕಾಲಿನಿಂದ ತಲೆಯ ತನಕ. ಎರಡು ಕೈ, ಎರಡು ಕಾಲು, ಬಾಯಿ. ಅವರ ತುಟಿ ಬಿಗಿದುಕೊಂಡಿತ್ತು, ಕಣ್ಣೀರು ತಾನೇ ಇಳಿಯುತ್ತಿತ್ತು. ಅವನು ಹತ್ತಿ ಹೊಲದ ಕಾಲದಿಂದ ಹಿಡಿದು ಒಂದೊಂದಾಗಿ ಎಲ್ಲ ಹೊರಗೆ ತೆಗೆಯುತ್ತಿದ್ದ, ಗಿಟಾರು ಯಾಕೆ ತರಿಸಿಕೊಟ್ಟೆ, ಮೆಂಫಿಸ್‌ಗೆ ಯಾಕೆ ಕಳಿಸಿದೆ, ಬಂದ ಮೇಲೆ ಹೇಗಿದೆ ಅಂತ ಒಂದು ಮಾತು ಯಾಕೆ ಹೇಳಲಿಲ್ಲ.

ನನ್ನ ಪಕ್ಕದಲ್ಲಿ ಡೂಲಿಗೆ ತಡೆಯಲಾಗಲಿಲ್ಲ. ಲೇ ಹಾಯ್ಟ್, ನಿನ್ನ ಮನೆಯೇ ಇಲ್ಲ ಕಣೋ, ಎಂದು ಹೇಳಲು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದ.

ಮಿಸ್ ವೆಲ್ಡಾ ಅವನ ಕಡೆ ತಿರುಗದೆಯೇ ತೋರುಬೆರಳು ಎತ್ತಿದರು. ಡೂಲಿ ಬಾಯಿ ಮುಚ್ಚಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾಯ್ಟ್ ಹೇಳುವುದು ಇನ್ನೂ ಮುಗಿದಿರಲಿಲ್ಲ.